ಗೋಲ್ ಆಮೇಲೆ ನೋಡೋಣ, ಮೊದಲು ಗೇಟ್ ನೋಡಿ

ಪೋಸ್ಟು ಸ್ವಲ್ಪ ಉದ್ದ ಇದೆ, ಪುರುಸೊತ್ತು ಮಾಡ್ಕೊಂಡು ಓದಿ.

ಫುಟ್‌ಬಾಲ್ ಸಿನಿಮಾ ಅಂದ್ರೆ ನನಗೆ ಪ್ರಾಣ. ಅದರಲ್ಲೂ ಇವರು ಗೆಲ್ಲೋದೇ ಇಲ್ಲ ಅಂತ ಊರೆಲ್ಲ ಷರಾ ಬರೆದುಬಿಟ್ಟ ತಂಡ ಕೊನೇ ನಿಮಿಷದಲ್ಲಿ ಗೋಲ್ ಹೊಡೆದು ಗೆಲ್ಲೋ ಸಿನಿಮಾಗಳು. ಯಾವ ದೇಶದಲ್ಲಿ ಮಾಡಲಿ, ಯಾವ ಭಾಷೆಯಲ್ಲಿ ಮಾಡಲಿ, ಅಡುಗೆ ಒಂದೇ. ಒಬ್ಬ ಬಡ ಹುಡುಗ, ಹರಿದ ಬೂಟು, ನಂಬದ ಅಪ್ಪ, ನಂಬೋ ಒಬ್ಬ ಕೋಚು, ಮಳೆಯಲ್ಲಿ ಪ್ರಾಕ್ಟೀಸು, ಇಂಟರ್‌ವಲ್‌ಗೆ ಒಂದು ಸೋಲು, ಕ್ಲೈಮ್ಯಾಕ್ಸಿಗೆ ಒಂದು ಗೋಲು. ಇಷ್ಟು ಗೊತ್ತಿದ್ದೂ ಕೊನೇ ಗೋಲಿಗೆ ನನ್ನ ಕಣ್ಣಲ್ಲಿ ನೀರು ಬರುತ್ತೆ. ಬರಲಿ ಬಿಡಿ.

ಆದರೆ ಇದೇ ಸಿನಿಮಾಗಳನ್ನ ಹಿಡ್ಕೊಂಡು ನಮ್ಮ ತಲೆ ಮೇಲೆ ಹೊಡೆಯೋರಿದ್ದಾರೆ. ಒಂದು ಕಾರ್ಯಕ್ರಮದಲ್ಲಿ ವೇದಿಕೆ ಮೇಲಿದ್ದ ದೊಡ್ಡವರೊಬ್ಬರು ಮೈಕಿನಲ್ಲೇ ಅಂದ್ರು: "ಪ್ರತಿಭೆ ಇದ್ದವನನ್ನ ಯಾರೂ ತಡೆಯೋಕಾಗಲ್ಲ. ಆಟದ ಮೈದಾನದಲ್ಲಿ ಮೀಸಲಾತಿ ಇದೆಯೇನ್ರೀ? ಸಿನಿಮಾ ನೋಡಿ, ಎಂತೆಂಥ ಬಡವರ ಮಕ್ಕಳು ಎಲ್ಲೆಲ್ಲಿಗೆ ಹೋದ್ರು!" ಚಪ್ಪಾಳೆ ಬಿತ್ತು. ನಮ್ಮ ಹಾಸ್ಟೆಲ್ ಹುಡುಗರೂ ಚಪ್ಪಾಳೆ ಹೊಡೆದರು. ಆ ಚಪ್ಪಾಳೆ ನನ್ನನ್ನ ಬಿಟ್ಟಿಲ್ಲ.

ಅದಕ್ಕೇ ಈ ಪೋಸ್ಟು. ನಾನು ಹೇಳೋದು ಇಷ್ಟೇ. ಈ ಸಿನಿಮಾಗಳು ಹುಡುಗ ಮೈದಾನದೊಳಗೆ ಕಾಲಿಟ್ಟ ಮೇಲೆ ಶುರುವಾಗ್ತವೆ. ಚರಿತ್ರೆ ಮೈದಾನದ ಗೇಟಿನಿಂದಲೇ ಶುರುವಾಗುತ್ತೆ. ಗೇಟಿನಲ್ಲಿ ಯಾರು ನಿಂತಿದ್ದರು, ಯಾರನ್ನ ಒಳಗೆ ಬಿಟ್ಟರು, ಯಾರನ್ನ ಬಿಡಲಿಲ್ಲ, ಆಮೇಲೆ ಆ ಗೇಟು ಹೇಗೆ ತೆರೀತು ಅನ್ನೋದನ್ನ ನೋಡದೆ ಬರೀ ಗೋಲ್ ನೋಡಿದ್ರೆ, ನಮಗೆ ಸಿಗೋದು ಮೆರಿಟ್ಟಿನ ಭಜನೆ ಅಷ್ಟೇ.

*

2005ರಲ್ಲಿ ಬಂದ 'ಗೋಲ್' ಅನ್ನೋ ಇಂಗ್ಲಿಷ್ ಸಿನಿಮಾ ತುಂಬ ಜನ ನೋಡಿರ್ತೀರಿ. ಸ್ಯಾಂಟಿಯಾಗೊ ಅನ್ನೋ ಮೆಕ್ಸಿಕೋ ಹುಡುಗ ಚಿಕ್ಕವನಿದ್ದಾಗ ಕುಟುಂಬದ ಜೊತೆ ಕದ್ದು ಅಮೆರಿಕದ ಗಡಿ ದಾಟ್ತಾನೆ. ಲಾಸ್ ಏಂಜಲೀಸಿನಲ್ಲಿ ಅಪ್ಪನ ಜೊತೆ ಶ್ರೀಮಂತರ ಮನೆ ತೋಟದ ಕೆಲಸ ಮಾಡ್ತಾನೆ. ಒಬ್ಬ ಅವನ ಆಟ ನೋಡ್ತಾನೆ, ಕೊನೆಗೆ ಹುಡುಗ ಇಂಗ್ಲೆಂಡಿನ ನ್ಯೂಕ್ಯಾಸಲ್ ತಂಡ ಸೇರಿ ಗೋಲ್ ಹೊಡೀತಾನೆ. ಒಳ್ಳೆ ಸಿನಿಮಾನೇ. ಆದರೆ ನೋಡಿ, ಆ ಗಡಿ, ಆ ಬೇಲಿ, ಕಾಗದಪತ್ರ ಇಲ್ಲದ ಬದುಕು, ಇದೆಲ್ಲ ಸಿನಿಮಾದ ಮೊದಲ ಕೆಲವೇ ನಿಮಿಷ. ಆಮೇಲೆ ಎಲ್ಲವೂ ಅವನ ಕಾಲಿನ ಮೇಲೆ, ಅವನ ಛಲದ ಮೇಲೆ. ಬೇಲಿ ಹಾಕಿದವರು ಕತೆಯಿಂದ ಪಾರು.

ಅದೇ 2005ರಲ್ಲಿ ಇನ್ನೊಂದು ಸಿನಿಮಾ ಬಂತು, 'ದ ಗೇಮ್ ಆಫ್ ದೇರ್ ಲೈವ್ಸ್'. ಇದು ನಿಜವಾಗಿ ನಡೆದದ್ದು. 1950ರ ವಿಶ್ವಕಪ್, ಬ್ರೆಜಿಲ್‌ನ ಬೆಲೊ ಹೊರಿಜಾಂಟೆ ಊರು, ಜೂನ್ 29. ಯಾರೂ ಲೆಕ್ಕಕ್ಕೇ ಇಡದ ಅಮೆರಿಕ ತಂಡ ಇಂಗ್ಲೆಂಡನ್ನ 1-0ಯಿಂದ ಸೋಲಿಸ್ತು. ಗೋಲ್ ಹೊಡೆದವನು ಜೋ ಗೇಟ್ಯೆನ್ಸ್, ಹೈಟಿ ದೇಶದವನು. ನ್ಯೂಯಾರ್ಕಿನಲ್ಲಿ ಓದ್ತಾ, ಒಂದು ಹೋಟೆಲ್‌ನಲ್ಲಿ ಪಾತ್ರೆ ತೊಳೀತಾ ಇದ್ದವನು. ಆ ಗೋಲು ಚರಿತ್ರೆಗೆ ಸೇರಿತು. ಆದರೆ ಅವನ ಕತೆ ಅಲ್ಲಿಗೆ ಮುಗಿಯಲಿಲ್ಲ. ಹೈಟಿಗೆ ವಾಪಸ್ ಹೋದ ಗೇಟ್ಯೆನ್ಸ್‌ನನ್ನ 1964ರಲ್ಲಿ ಡುವಾಲಿಯೆ ಸರ್ವಾಧಿಕಾರದ ಗೂಂಡಾಪಡೆ ಹಿಡಿದುಕೊಂಡು ಹೋಯ್ತು. ಅವನು ಮನೆಗೆ ವಾಪಸ್ ಬರಲೇ ಇಲ್ಲ. ಇಂಗ್ಲೆಂಡನ್ನ ಸೋಲಿಸಿದ ಗೋಲು ಅವನ ಜೀವ ಉಳಿಸಲಿಲ್ಲ. ಗೆದ್ದವನಿಗೆ ಎಲ್ಲ ಮಾಫಿ ಅನ್ನೋದು ಸಿನಿಮಾದ ಮಾತು, ಬದುಕಿನದ್ದಲ್ಲ.

*

ಈಗ ನಮ್ಮ ದೇಶಕ್ಕೆ ಬರೋಣ.

ಭಾರತದ ಫುಟ್‌ಬಾಲ್ ಅಂದ ತಕ್ಷಣ ಹೇಳೋ ಕತೆ 1911ರದ್ದು. ಆ ವರ್ಷ ಜುಲೈ 29ರಂದು ಕಲ್ಕತ್ತಾದಲ್ಲಿ ಐಎಫ್‌ಎ ಶೀಲ್ಡ್ ಫೈನಲ್. ಮೋಹನ್ ಬಗಾನ್ ತಂಡ ಈಸ್ಟ್ ಯಾರ್ಕ್‌ಶೈರ್ ರೆಜಿಮೆಂಟಿನ ಬ್ರಿಟಿಷ್ ಸೈನಿಕರ ತಂಡವನ್ನ 2-1ರಿಂದ ಸೋಲಿಸ್ತು. ಹನ್ನೊಂದು ಜನರಲ್ಲಿ ಹತ್ತು ಜನ ಬರಿಗಾಲಲ್ಲಿ ಆಡಿದರು. ಎದುರಿಗೆ ಬೂಟು. ನೂರು ವರ್ಷ ಆದ ಮೇಲೆ, 2011ರಲ್ಲಿ, ಇದರ ಮೇಲೆ 'ಎಗಾರೊ' ಅನ್ನೋ ಬಂಗಾಳಿ ಸಿನಿಮಾ ಬಂತು. ಎಗಾರೊ ಅಂದ್ರೆ ಹನ್ನೊಂದು.

ಆ ಗೆಲುವನ್ನ ನಾನು ಸಣ್ಣದು ಅನ್ನೋದಿಲ್ಲ. ಬಿಳಿಯರ ಬೂಟಿನ ಎದುರು ಬರಿಗಾಲು ಗೆದ್ದಾಗ ಇಡೀ ಬಂಗಾಳ ಕುಣೀತು, ಕುಣಿಯಬೇಕಾದ್ದೇ. ಆದರೆ ಒಂದು ಕೆಲಸ ಮಾಡಿ. ಆ ಹನ್ನೊಂದು ಜನರ ಹೆಸರನ್ನ ಒಂದ್ಸಲ ಜೋರಾಗಿ ಓದಿ. ಹೀರಾಲಾಲ್ ಮುಖರ್ಜಿ, ಭೂತಿ ಸುಕುಲ್, ಸುಧೀರ್ ಚಟರ್ಜಿ, ಮನಮೋಹನ್ ಮುಖರ್ಜಿ, ರಾಜೇನ್ ಸೇನ್‌ಗುಪ್ತ, ನೀಲಮಾಧವ ಭಟ್ಟಾಚಾರ್ಯ, ಕಾನು ರಾಯ್, ಹಬೂಲ್ ಸರ್ಕಾರ್, ಅಭಿಲಾಷ್ ಘೋಷ್, ಬಿಜಯದಾಸ್ ಭಾದುರಿ, ಶಿಬ್‌ದಾಸ್ ಭಾದುರಿ. ಹೆಸರಿನ ಹಿಂದಿರೋದನ್ನ ಓದೋಕೆ ನಮಗೆ ಯಾರೂ ಕಲಿಸಿಕೊಡಬೇಕಾಗಿಲ್ಲ. ಬರಿಗಾಲು ಅಂದ ಮಾತ್ರಕ್ಕೆ ನಮ್ಮ ಕಾಲು ಅಂತ ಅಲ್ಲ. ಬ್ರಿಟಿಷರ ಎದುರು ಇವರು ಕೆಳಗಿದ್ದವರು, ನಿಜ. ಇವರ ಎದುರು ಯಾರು ಕೆಳಗಿದ್ದರು ಅನ್ನೋ ಪ್ರಶ್ನೆ ಆ ಕತೆಯಲ್ಲಿ ಬರೋದೇ ಇಲ್ಲ.

ಆದರೆ ಚರಿತ್ರೆಯಲ್ಲಿ ಆ ಪ್ರಶ್ನೆ ಬಂದಿತ್ತು. 1911ಕ್ಕೂ ಎರಡು ದಶಕ ಮೊದಲೇ ಬಂದಿತ್ತು.

ನಗೇಂದ್ರ ಪ್ರಸಾದ್ ಸರ್ವಾಧಿಕಾರಿ ಅಂತ ಒಬ್ಬರು. ಭಾರತೀಯ ಫುಟ್‌ಬಾಲ್‌ನ ಪಿತಾಮಹ ಅಂತ ಕರೀತಾರೆ. 2021ರಲ್ಲಿ ಅವರ ಮೇಲೆ 'ಗೋಲೊಂದಾಜ್' ಅನ್ನೋ ಬಂಗಾಳಿ ಸಿನಿಮಾ ಬಂತು, ನಟ ದೇವ್ ಆ ಪಾತ್ರ ಮಾಡಿದ್ರು. 1880ರ ದಶಕದಲ್ಲಿ ಈ ಸರ್ವಾಧಿಕಾರಿ ಕಲ್ಕತ್ತಾದಲ್ಲಿ ವೆಲಿಂಗ್ಟನ್ ಕ್ಲಬ್ ನಡೆಸ್ತಿದ್ರು. ಅಲ್ಲಿಗೆ ಮೋನಿ ದಾಸ್ ಅನ್ನೋ ಕುಂಬಾರರ ಹುಡುಗನನ್ನ ಸೇರಿಸ್ಕೊಳ್ಳೋಕೆ ಹೊರಟರು. ಕ್ಲಬ್ಬಿನ ಮೇಲ್ಜಾತಿಯ ಸದಸ್ಯರು ಆಗೋದಿಲ್ಲ ಅಂದ್ರು. ಕುಂಬಾರನ ಮಗನ ಜೊತೆ ನಾವು ಆಡೋದಾ ಅಂತ. ಸರ್ವಾಧಿಕಾರಿ ಏನು ಮಾಡಿದ್ರು ಗೊತ್ತಾ? ಆ ಕ್ಲಬ್ಬನ್ನೇ ಮುಚ್ಚಿಬಿಟ್ರು. ಶೋಭಾಬಜಾರ್ ಅನ್ನೋ ಹೊಸ ಕ್ಲಬ್ ಕಟ್ಟಿ, ಅದಕ್ಕೆ ಮೋನಿ ದಾಸ್‌ನನ್ನ ಮೊದಲ ಸದಸ್ಯನನ್ನಾಗಿ ಮಾಡಿದ್ರು. ಅದೇ ಶೋಭಾಬಜಾರ್ 1892ರಲ್ಲಿ ಟ್ರೇಡ್ಸ್ ಕಪ್ಪಿನಲ್ಲಿ ಈಸ್ಟ್ ಸರ್ರೆ ರೆಜಿಮೆಂಟನ್ನ ಸೋಲಿಸ್ತು. ಬ್ರಿಟಿಷ್ ಸೈನಿಕರ ತಂಡವನ್ನ ಭಾರತೀಯರು ಸೋಲಿಸಬಹುದು ಅಂತ ಮೊದಲು ತೋರಿಸಿದ್ದು ಮೋಹನ್ ಬಗಾನ್ ಅಲ್ಲ, ಜಾತಿಯ ಗೇಟನ್ನ ಕಿತ್ತು ಹಾಕಿ ಹುಟ್ಟಿದ ಈ ಕ್ಲಬ್ಬು.

ಇಲ್ಲಿ ಎರಡು ಮಾತು ಗಮನಿಸಿ. ಒಂದು, ಕುಂಬಾರರು ಅಸ್ಪೃಶ್ಯರಲ್ಲ. ಅಂಥವರ ಮಗನಿಗೇ ಬಾಗಿಲು ಹಾಕಿದ ಮೇಲೆ ನಮ್ಮವರ ಗತಿ ಏನಿದ್ದಿರಬಹುದು, ನೀವೇ ಲೆಕ್ಕ ಹಾಕಿ. ಎರಡು, ಮೋನಿ ದಾಸ್ ಪ್ರತಿಭಾವಂತ ಹೌದೋ ಅಲ್ಲವೋ ಅನ್ನೋ ಪ್ರಶ್ನೆಯೇ ಅಲ್ಲಿ ಏಳಲಿಲ್ಲ. ಆಟ ನೋಡೋಕೆ ಮುಂಚೆಯೇ ಜಾತಿ ನೋಡಿದ್ರು. ಗೇಟು ತೆರೆದ ಮೇಲಷ್ಟೇ ಅವನ ಆಟ ಲೋಕಕ್ಕೆ ಕಾಣಿಸ್ತು. ಮೆರಿಟ್ ಮೆರಿಟ್ ಅಂತ ಕೂಗೋರು ಇದನ್ನ ಬರೆದು ಗೋಡೆಗೆ ಅಂಟಿಸ್ಕೊಳ್ಳಲಿ.

ಕ್ರಿಕೆಟ್ಟಿನ ಮಾತು ಇಲ್ಲಿ ಒಂದೇ ಸಾಲು ಹೇಳಿ ಬಿಡ್ತೀನಿ. 'ಲಗಾನ್' ಸಿನಿಮಾದ ಕಚ್ರಾ ನೆನಪಿದ್ದಾನಲ್ವಾ? ಅವನ ಕಾಲದಲ್ಲೇ ನಿಜವಾಗಿ ಬದುಕಿದ್ದ ದಲಿತ ಬೌಲರ್ ಪಲ್ವಂಕರ್ ಬಾಳೂ. ಹುಟ್ಟಿದ್ದು ನಮ್ಮ ಧಾರವಾಡದಲ್ಲಿ. ಪುಣೆಯ ಮೈದಾನದಲ್ಲಿ ವಿಕೆಟ್ ಇವರದ್ದು, ಟೀ ಮಾತ್ರ ಪೆವಿಲಿಯನ್ ಹೊರಗೆ, ಬೇರೆ ಮಣ್ಣಿನ ಲೋಟದಲ್ಲಿ. ಆಟದ ಒಳಗೆ ಸೇರಿಸ್ಕೊಂಡ ಮೇಲೂ ಇನ್ನೊಂದು ಗೇಟು ಇರುತ್ತೆ ಅನ್ನೋದಕ್ಕೆ ಹೇಳಿದೆ.

*

ಇದು ನಮ್ಮ ದೇಶದ ಕಾಯಿಲೆ ಮಾತ್ರ ಅಂತ ತಿಳ್ಕೋಬೇಡಿ. ಫುಟ್‌ಬಾಲ್ ಅಂದ್ರೆ ಬ್ರೆಜಿಲ್ ಅನ್ನೋರಿಗೆ ರಿಯೋ ಡಿ ಜನೈರೋದ ಒಂದು ಕತೆ ಹೇಳ್ತೀನಿ.

1923ರಲ್ಲಿ ಅಲ್ಲಿನ ವಾಸ್ಕೋ ಡ ಗಾಮಾ ಕ್ಲಬ್ ರಿಯೋ ಚಾಂಪಿಯನ್ ಆಯ್ತು. ತಂಡದಲ್ಲಿ ಕಪ್ಪು ಜನ, ಮಿಶ್ರ ವರ್ಣದವರು, ಬಡ ಕೂಲಿಕಾರರು. ಶ್ರೀಮಂತ ಬಿಳಿಯರ ಕ್ಲಬ್ಬುಗಳಿಗೆ ಹೊಟ್ಟೆ ಉರೀತು. 1924ರಲ್ಲಿ ಅವರೆಲ್ಲ ಸೇರಿ ಬೇರೆ ಲೀಗ್ ಮಾಡ್ಕೊಂಡು ವಾಸ್ಕೋಗೆ ಹೇಳಿದ್ರು: ನಿಮ್ಮ 12 ಆಟಗಾರರನ್ನ ಕೈಬಿಡಿ, ಆಗ ಸೇರಿಸ್ಕೋತೀವಿ. ಬಾಯಲ್ಲಿ ಬಣ್ಣದ ಮಾತು ಆಡಲಿಲ್ಲ. ಅವರ ವೃತ್ತಿ ಸರಿ ಇಲ್ಲ, ಅವರಿಗೆ ಓದು ಬರಹ ಇಲ್ಲ, ನಿಮಗೆ ಸರಿಯಾದ ಸ್ಟೇಡಿಯಂ ಇಲ್ಲ ಅಂತ ನೆಪ. ನಮಗೆ ಕೇಳಿ ಕೇಳಿ ಅಭ್ಯಾಸ ಆಗಿರೋ ಭಾಷೆಯೇ, ಅಲ್ವಾ?

1924ರ ಏಪ್ರಿಲ್ 7ರಂದು ವಾಸ್ಕೋ ಅಧ್ಯಕ್ಷ ಒಂದು ಪತ್ರ ಬರೆದರು. ಆ ಹನ್ನೆರಡು ಜನರನ್ನ ಬಿಟ್ಟು ನಾವು ಬರೋದಿಲ್ಲ, ನಿಮ್ಮ ಲೀಗ್ ನಿಮಗೇ ಇರಲಿ ಅನ್ನೋದು ಅದರ ತಾತ್ಪರ್ಯ. ಬ್ರೆಜಿಲ್‌ನಲ್ಲಿ ಇವತ್ತಿಗೂ ಅದನ್ನ 'ಚಾರಿತ್ರಿಕ ಉತ್ತರ' ಅಂತಲೇ ಕರೆಯೋದು. ಸ್ಟೇಡಿಯಂ ಇಲ್ಲ ಅಂದಿದ್ರಲ್ಲ, ಅಭಿಮಾನಿಗಳು ಚಂದಾ ಎತ್ತಿ 1927ರಲ್ಲಿ ಸ್ಟೇಡಿಯಂ ಕಟ್ಟಿಯೇಬಿಟ್ರು. ನಮ್ಮ ಕೇರಿಗಳಲ್ಲಿ ಹತ್ತು, ಇಪ್ಪತ್ತು ರೂಪಾಯಿ ಚಂದಾ ಎತ್ತಿ ಬಾಬಾಸಾಹೇಬರ ಪ್ರತಿಮೆ ನಿಲ್ಲಿಸ್ತೀವಲ್ಲ, ಅದೇ ಛಲ.

ಈ ಹಿನ್ನೆಲೆ ಇಟ್ಕೊಂಡು 2016ರ ಪೆಲೆ ಸಿನಿಮಾ ನೋಡಿ, 'ಪೆಲೆ: ಬರ್ತ್ ಆಫ್ ಎ ಲೆಜೆಂಡ್', ಎ.ಆರ್. ರೆಹಮಾನ್ ಸಂಗೀತ. ಬೂಟು ಪಾಲಿಶ್ ಮಾಡ್ತಿದ್ದ ಹುಡುಗ 17ನೇ ವಯಸ್ಸಿಗೆ 1958ರ ವಿಶ್ವಕಪ್ ಗೆಲ್ಲಿಸ್ತಾನೆ. ನೋಡಿ ಖುಷಿಪಡಿ. ಜೊತೆಗೆ ಇದನ್ನೂ ನೆನಪಿಡಿ: 1950ರಲ್ಲಿ ಉರುಗ್ವೆ ವಿರುದ್ಧ ತವರಿನಲ್ಲೇ ಸೋತಾಗ ಇಡೀ ದೇಶ ಬೈದದ್ದು ಕಪ್ಪು ಗೋಲಿ ಬಾರ್ಬೋಸಾನನ್ನ. 2000ದಲ್ಲಿ ಸಾಯೋವರೆಗೂ ಆ ಶಾಪ ಅವನ ಬೆನ್ನು ಬಿಡಲಿಲ್ಲ. ಗೆದ್ದರೆ ದೇಶದ ಮಗ, ಸೋತರೆ ಕಪ್ಪು ಮನುಷ್ಯ. ಗೆಲ್ಲೋ ಹಕ್ಕಿಗಿಂತ ಸೋಲೋ ಹಕ್ಕು ದೊಡ್ಡದು ಅಂತ ನನಗನ್ನಿಸೋದು ಅದಕ್ಕೇ. ನಮ್ಮ ಹುಡುಗ ಒಂದು ಸಲ ಫೇಲಾದ್ರೆ ಕೋಟಾದಲ್ಲಿ ಬಂದವನು ಅಂತಾರೆ. ಅವರ ಹುಡುಗ ಫೇಲಾದ್ರೆ ಪಾಪ, ಟೆನ್ಷನ್ ಅಂತಾರೆ.

*

ಮತ್ತೆ ನಮ್ಮ ಕಡೆ. 2024ರಲ್ಲಿ 'ಮೈದಾನ್' ಬಂತು, ಅಜಯ್ ದೇವಗನ್ ಸಿನಿಮಾ. ಹೈದರಾಬಾದಿನ ಮೇಷ್ಟ್ರು ಸೈಯದ್ ಅಬ್ದುಲ್ ರಹೀಮ್ ಅವರ ಕತೆ. 1962ರಲ್ಲಿ ಜಕಾರ್ತಾ ಏಷ್ಯನ್ ಗೇಮ್ಸ್, ಸ್ಟೇಡಿಯಂ ತುಂಬ ಭಾರತದ ವಿರುದ್ಧ ಕೂಗೋ ಜನ, ತಲೆಗೆ ಪಟ್ಟಿ ಕಟ್ಕೊಂಡು ಆಡಿದ ಜರ್ನೈಲ್ ಸಿಂಗ್, ಫೈನಲ್ಲಿನಲ್ಲಿ ದಕ್ಷಿಣ ಕೊರಿಯಾ ವಿರುದ್ಧ 2-1. ಕ್ಯಾನ್ಸರ್ ಬಂದಿದ್ದ ರಹೀಮ್ ಸಾಹೇಬರು ಮರುವರ್ಷ ಜೂನ್‌ನಲ್ಲಿ ತೀರಿಕೊಂಡರು. ಒಬ್ಬ ಮುಸ್ಲಿಂ ಮೇಷ್ಟ್ರು ಈ ದೇಶಕ್ಕೆ ಚಿನ್ನ ತಂದದ್ದನ್ನ ಈಗಿನ ಕಾಲದಲ್ಲಿ ದೊಡ್ಡ ಪರದೆ ಮೇಲೆ ತೋರಿಸಿದ್ದೇ ದೊಡ್ಡದು ಅಂತ ನನ್ನ ಅಭಿಪ್ರಾಯ.

ಆ ತಂಡದ ಮುಂಚೂಣಿಯಲ್ಲಿದ್ದ ಮೂವರನ್ನ ತ್ರಿಮೂರ್ತಿ ಅಂತಿದ್ರು. ಪಿ.ಕೆ. ಬ್ಯಾನರ್ಜಿ, ಚುನಿ ಗೋಸ್ವಾಮಿ, ತುಳಸಿದಾಸ್ ಬಲರಾಮ್. ಮೊದಲಿನ ಇಬ್ಬರಿಗೂ ಪದ್ಮಶ್ರೀ ಬಂತು. ಸಿಕಂದರಾಬಾದ್ ಹತ್ತಿರದ ಅಮ್ಮುಗುಡದ ಬಡ ಮನೆಯಿಂದ ಬಂದ ಬಲರಾಮ್‌ಗೆ ಬರಲೇ ಇಲ್ಲ. 2023ರಲ್ಲಿ ತೀರಿಕೊಂಡರು. ಮೂವರೂ ಒಂದೇ ಚೆಂಡು ಒದ್ದವರು. ಗೋಲಿನ ಲೆಕ್ಕ ಬೇರೆ, ಗೌರವದ ಲೆಕ್ಕ ಬೇರೆ.

ನಮ್ಮ ಬೆಂಗಳೂರಿಗೆ ಬಂದ್ರೆ ಚರಿತ್ರೆ ಇನ್ನೂ ರುಚಿ. ಸ್ವಾತಂತ್ರ್ಯಕ್ಕೆ ಹತ್ತು ವರ್ಷ ಮೊದಲು, 1937ರಲ್ಲಿ, ಬೆಂಗಳೂರು ಮುಸ್ಲಿಮ್ಸ್ ಅನ್ನೋ ತಂಡ ಬೊಂಬಾಯಿಗೆ ಹೋಗಿ ರೋವರ್ಸ್ ಕಪ್ ಗೆದ್ದುಕೊಂಡು ಬಂತು. ಮಾರನೇ ವರ್ಷ ಮತ್ತೆ ಗೆದ್ದಿತು. ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ಸ್ 1948ರ ಲಂಡನ್. ಫ್ರಾನ್ಸ್ ವಿರುದ್ಧ 2-1ರಲ್ಲಿ ಸೋತೆವು, ಆ ಒಂದು ಗೋಲು ಹೊಡೆದವರು ಸಾರಂಗಪಾಣಿ ರಾಮನ್. ಅದೇ ತಂಡದಲ್ಲಿ ಬೆಂಗಳೂರಿನ ಅಹ್ಮದ್ ಖಾನ್. ಆ ತಂಡದ ಹೆಚ್ಚಿನವರೆಲ್ಲ ಬರಿಗಾಲಲ್ಲೇ ಆಡಿದ್ದು.

ಹಲಸೂರಿನ ಪಕ್ಕ ಗೌತಮಪುರ ಇದೆ, ಹೋಗಿ ನೋಡಿ. ದುಡಿಯೋ ಜನರ ಇಕ್ಕಟ್ಟಿನ ಬೀದಿಗಳು, ಹೆಚ್ಚಿನವರು ತಮಿಳು ಮಾತಾಡೋ ನಮ್ಮ ಜನ. ದಂಡು ಪ್ರದೇಶದ ಸೈನಿಕರ ಆಟ ನೋಡ್ತಾ ನೋಡ್ತಾ ಈ ಕಡೆಯ ಮಕ್ಕಳ ಕಾಲಿಗೂ ಚೆಂಡು ಹತ್ತಿತು. ಬೆಂಗಳೂರಿನ ಮಿನಿ ಬ್ರೆಜಿಲ್ ಅಂತ ಹೆಸರು. ಅಲ್ಲಿ ಪೆಲೆ ಪ್ರತಿಮೆ ಇದೆ. ಒಬ್ಬನೇ ನಿಂತಿಲ್ಲ ಅವನು. ಅವನ ಜೊತೆ ಬುದ್ಧ ಇದ್ದಾನೆ, ಬಾಬಾಸಾಹೇಬರಿದ್ದಾರೆ, ಮದರ್ ತೆರೇಸಾ ಇದ್ದಾರೆ. ಪೆಲೆ ಮತ್ತು ಅಂಬೇಡ್ಕರ್ ಒಂದೇ ಕಡೆ! ಆ ಬೀದಿಯ ಜನ ಯಾವ ಪುಸ್ತಕದ ಸಹಾಯವೂ ಇಲ್ಲದೆ ಅರ್ಥ ಮಾಡ್ಕೊಂಡಿದ್ದಾರೆ ನೋಡಿ, ಆಟಕ್ಕೂ ಘನತೆಗೂ ಏನು ಸಂಬಂಧ ಅಂತ. ನಾನು ನೋಡಿದ ಯಾವ ಕನ್ನಡ ಸಿನಿಮಾದಲ್ಲೂ ಗೌತಮಪುರದ ಹುಡುಗ ಹೀರೋ ಆಗಿಲ್ಲ. ಆ ಕಡೆ ಹುಡುಗ ಅಂದ್ರೆ ನಮ್ಮ ಸಿನಿಮಾದವರಿಗೆ ಮಚ್ಚು ಹಿಡಿದವನೇ ಕಾಣಿಸೋದು. ತಮಿಳಿನಲ್ಲಿ ಪಾ. ರಂಜಿತ್ 2014ರಲ್ಲೇ 'ಮದ್ರಾಸ್' ಮಾಡಿ, ಉತ್ತರ ಚೆನ್ನೈನ ಹುಡುಗರ ಕಾಲಿಗೆ ಚೆಂಡು ಕೊಟ್ಟರು. ಚೆಂಡಿಗಿಂತ ಆ ಸಿನಿಮಾದಲ್ಲಿ ಗೋಡೆ ಮುಖ್ಯ, ಅದು ಇನ್ನೊಂದು ದಿನದ ಮಾತು.

*

ಗೇಟನ್ನೇ ಸಿನಿಮಾ ಮಾಡಿದ ಇಬ್ಬರು ನಿರ್ದೇಶಕರು ನನಗೆ ಗೊತ್ತು.

ಒಬ್ಬರು ಇರಾನಿನ ಜಾಫರ್ ಪನಾಹಿ. 2006ರ 'ಆಫ್‌ಸೈಡ್'. ಇರಾನಿನಲ್ಲಿ ಹೆಂಗಸರು ಸ್ಟೇಡಿಯಂಗೆ ಹೋಗಿ ಗಂಡಸರ ಫುಟ್‌ಬಾಲ್ ನೋಡೋ ಹಾಗಿರಲಿಲ್ಲ. ಆಡೋದಲ್ಲ, ನೋಡೋದು! 2005ರ ಜೂನ್‌ನಲ್ಲಿ ಟೆಹರಾನ್‌ನಲ್ಲಿ ಇರಾನ್-ಬಹ್ರೇನ್ ಪಂದ್ಯ ನಡೀತಿರುವಾಗ ಪನಾಹಿ ಅಲ್ಲೇ ಚಿತ್ರೀಕರಣ ಮಾಡಿದ್ರು. ಗಂಡು ವೇಷದಲ್ಲಿ ಒಳಗೆ ನುಗ್ಗೋಕೆ ಹೋದ ಕೆಲವು ಹುಡುಗಿಯರು ಸಿಕ್ಕಿಬಿದ್ದು, ಸ್ಟೇಡಿಯಂ ಗೋಡೆಯ ಹೊರಗೆ ಕುರಿದೊಡ್ಡಿಯ ಹಾಗೆ ಬೇಲಿ ಕಟ್ಟಿದ ಜಾಗದಲ್ಲಿ ನಿಲ್ತಾರೆ. ಒಳಗಿನ ಕೂಗು ಕೇಳಿಸುತ್ತೆ, ಆಟ ಕಾಣಿಸಲ್ಲ. ನಮಗೂ ಕಾಣಿಸಲ್ಲ. ಕೇರಿಯಿಂದ ಹೊರಗೆ ನಿಂತು ಊರ ಜಾತ್ರೆಯ ತಮಟೆ ಕೇಳಿದವರಿಗೆ ಆ ಸೀನು ಯಾರೂ ವಿವರಿಸಬೇಕಾಗಿಲ್ಲ. ತಮಟೆ ಬಾರಿಸೋರು ನಾವೇ, ದೇವಸ್ಥಾನದ ಒಳಗೆ ಮಾತ್ರ ಬೇರೆಯವರು.

ಆ ಸಿನಿಮಾಗೆ ಬರ್ಲಿನ್ ಚಿತ್ರೋತ್ಸವದಲ್ಲಿ ಬೆಳ್ಳಿ ಕರಡಿ ಪ್ರಶಸ್ತಿ ಬಂತು, ಇರಾನಿನಲ್ಲಿ ನಿಷೇಧ ಬಿತ್ತು. 2019ರಲ್ಲಿ ಪಂದ್ಯ ನೋಡೋಕೆ ಹೋಗಿ ಕೇಸು ಹಾಕಿಸಿಕೊಂಡ ಸಹರ್ ಖೊದಾಯಾರಿ ಅನ್ನೋ ಯುವತಿ ಕೋರ್ಟಿನ ಹೊರಗೆ ಮೈಗೆ ಬೆಂಕಿ ಹಚ್ಚಿಕೊಂಡು ತೀರಿಕೊಂಡಳು. ಅದಾಗಿ ಒಂದು ತಿಂಗಳಿಗೆ, ಅಕ್ಟೋಬರ್‌ನಲ್ಲಿ, ಕಾಂಬೋಡಿಯಾ ವಿರುದ್ಧದ ಪಂದ್ಯಕ್ಕೆ ಹೆಂಗಸರನ್ನ ಟಿಕೆಟ್ ಕೊಟ್ಟು ಒಳಗೆ ಬಿಟ್ಟರು. ಗೇಟು ತಾನಾಗಿ ತೆರೆಯಲ್ಲ ಗೆಳೆಯರೇ. ಯಾರೋ ಒಬ್ಬರ ಜೀವ ಅದರ ಬೀಗದ ಕೈ ಆಗಿರುತ್ತೆ.

ಇನ್ನೊಬ್ಬರು ನಮ್ಮ ನಾಗರಾಜ ಮಂಜುಳೆ. 'ನಮ್ಮ' ಅಂದದ್ದು ಸುಮ್ಮನೆ ಅಲ್ಲ. ಸೊಲ್ಲಾಪುರ ಜಿಲ್ಲೆಯ ಜೇವೂರಿನ ವಡ್ಡರ ಮನೆಯ ಮಗ. 'ಫಂಡ್ರಿ', 'ಸೈರಾಟ್' ಮಾಡಿದವರು. ಸೈರಾಟ್ ಕನ್ನಡದಲ್ಲಿ 'ಮನಸು ಮಲ್ಲಿಗೆ' ಆಗಿದ್ದು ನಿಮಗೆ ಗೊತ್ತೇ ಇದೆ. ಇವರ 'ಝುಂಡ್' 2022ರ ಮಾರ್ಚ್ 4ರಂದು ಬಿಡುಗಡೆ ಆಯ್ತು. ಅಮಿತಾಭ್ ಬಚ್ಚನ್ ಇದ್ದಾರೆ.

ಕತೆಯ ಬೇರು ನಾಗಪುರದಲ್ಲಿದೆ. 1956ರ ಅಕ್ಟೋಬರ್ 14ರಂದು ಬಾಬಾಸಾಹೇಬರು ಲಕ್ಷಾಂತರ ಜನರ ಜೊತೆ ಬುದ್ಧನ ದಾರಿ ಹಿಡಿದ ಊರು. ಅಲ್ಲಿನ ಹಿಸ್ಲಾಪ್ ಕಾಲೇಜಿನ ಕ್ರೀಡಾ ಶಿಕ್ಷಕ ವಿಜಯ್ ಬಾರ್ಸೆ 2001ರಲ್ಲಿ ಮಳೆಯಲ್ಲಿ ಕೊಳೆಗೇರಿಯ ಹುಡುಗರು ಒಡೆದ ಬಕೆಟ್ಟನ್ನ ಚೆಂಡಿನ ಹಾಗೆ ಒದೀತಿದ್ದದ್ದು ನೋಡಿದ್ರು. ಅಲ್ಲಿಂದ ಸ್ಲಮ್ ಸಾಕರ್ ಹುಟ್ಟಿತು. ಮನೆ ಇಲ್ಲದವರಿಗಾಗಿ 2003ರಿಂದ ನಡೀತಿರೋ ಹೋಮ್‌ಲೆಸ್ ವರ್ಲ್ಡ್ ಕಪ್ಪಿಗೆ ಅಲ್ಲಿಂದ ಭಾರತದ ತಂಡಗಳು ಹೋದವು.

ಈಗ ಮಂಜುಳೆ ಏನು ಮಾಡಿದ್ರು ನೋಡಿ. ಕಾಲೇಜು ಹುಡುಗರಿಗೂ ಕೊಳೆಗೇರಿ ಹುಡುಗರಿಗೂ ಒಂದು ಮ್ಯಾಚು ಇದೆ. ಬೇರೆ ಯಾರಾದ್ರೂ ಆಗಿದ್ರೆ ಅದನ್ನೇ ಕ್ಲೈಮ್ಯಾಕ್ಸ್ ಮಾಡ್ತಿದ್ರು. ಮಂಜುಳೆ ಅದನ್ನ ಸಿನಿಮಾದ ನಡುವಿಗೇ ಮುಗಿಸಿಬಿಟ್ರು. ಗೋಲ್ ಆಯ್ತು, ಗೆದ್ದದ್ದಾಯ್ತು. ಇನ್ನೇನು ಉಳೀತು? ಉಳಿದದ್ದೇ ನಿಜವಾದ ಆಟ. ಪಾಸ್‌ಪೋರ್ಟ್. ಹುಟ್ಟಿದ ದಾಖಲೆ. ಪೊಲೀಸ್ ವೆರಿಫಿಕೇಶನ್. ರಿಂಕು ರಾಜಗುರು ಮಾಡಿರೋ ಆದಿವಾಸಿ ಹುಡುಗಿ ತನ್ನ ಅಪ್ಪನ ಜೊತೆ ಕಚೇರಿಯಿಂದ ಕಚೇರಿಗೆ ಅಲೀತಾಳೆ, ತಾನು ಈ ದೇಶದವಳು ಅಂತ ಸಾಬೀತು ಮಾಡೋಕೆ. ಸಾವಿರಾರು ವರ್ಷದಿಂದ ಇದೇ ನೆಲದಲ್ಲಿದ್ದವರು ಕಾಗದ ತೋರಿಸ್ಬೇಕು. ತಂಡದ ಡಾನ್ ಅನ್ನೋ ಹುಡುಗನ ಮೇಲೆ ಪೊಲೀಸ್ ಕೇಸಿದೆ, ಅವನ ಕಾಲಲ್ಲಿರೋ ಆಟ ಯಾವ ಕೌಂಟರಿನಲ್ಲೂ ಚಲಾವಣೆ ಆಗಲ್ಲ. 'ಗೋಲ್' ಸಿನಿಮಾದಲ್ಲಿ ಕೆಲವು ನಿಮಿಷದಲ್ಲಿ ದಾಟಿದ ಗಡಿ ಇಲ್ಲಿ ಅರ್ಧ ಸಿನಿಮಾ ಆಗಿದೆ.

ಅಂಬೇಡ್ಕರ್ ಜಯಂತಿಯ ಭಾಗವನ್ನಂತೂ ನಾನು ಎಷ್ಟು ಸಲ ನೋಡಿದ್ದೀನೋ. ಚಂದಾ ಎತ್ತೋದು, ಡಿಜೆ, ಕುಣಿತ. ಆ ಜಾಗದಲ್ಲಿ ಅಮಿತಾಭ್ ಬಚ್ಚನ್ ಬಾಬಾಸಾಹೇಬರ ಫೋಟೋದ ಮುಂದೆ ನಿಲ್ತಾರೆ. ಹಿಂದಿ ಸಿನಿಮಾದ ಅತಿ ದೊಡ್ಡ ನಟ, ಹಿಂದಿ ಸಿನಿಮಾ ದಶಕಗಟ್ಟಲೆ ಫ್ರೇಮಿನ ಆಚೆಗೇ ಇಟ್ಟಿದ್ದ ಆ ಮುಖದ ಎದುರು. ಪೊಲೀಸ್ ಠಾಣೆ, ಕೋರ್ಟು ಸೀನಿನಲ್ಲಿ ಗೋಡೆಗೆ ನೇತುಹಾಕೋ ಫೋಟೋ ಅಲ್ಲ ಅದು. ಜನ ಹಬ್ಬ ಮಾಡ್ತಿರೋ ಫೋಟೋ.

ಕೊನೆಯಲ್ಲಿ ವಿಮಾನ ನಿಲ್ದಾಣ. ಮೆಟಲ್ ಡಿಟೆಕ್ಟರ್ ಬಾಗಿಲಿನಲ್ಲಿ ಡಾನ್ ನಿಂತಿದ್ದಾನೆ. ಅದೂ ಒಂದು ಗೇಟು ತಾನೇ? ಆಮೇಲೆ ವಿಮಾನ ಆ ಕೊಳೆಗೇರಿಯ ಮೇಲೇ ಹಾರಿ ಹೋಗುತ್ತೆ. ಕೆಳಗೆ ಕಾಲೇಜಿಗೂ ಕೇರಿಗೂ ನಡುವಿನ ಗೋಡೆ ಹಾಗೇ ಇದೆ, ದಾಟಬಾರದು ಅನ್ನೋ ಬರಹದ ಸಮೇತ. ವಿಶ್ವಕಪ್ಪಿನ ಮ್ಯಾಚು ತೋರಿಸೋದೇ ಇಲ್ಲ. ಕೆಲವರು ಹೊರಗೆ ಬಂದು, ಫೈನಲ್ ಇಲ್ಲದ ಇದೆಂಥ ಕ್ರೀಡಾ ಸಿನಿಮಾ ಅಂತ ಗೊಣಗಿದ್ರು. ನನ್ನ ಪ್ರಕಾರ ಫೈನಲ್ ಅದೇ. ಒಂದು ತಂಡ ಗೋಡೆ ಹಾರಿತು. ಗೋಡೆ ಬಿದ್ದಿಲ್ಲ. ಒಬ್ಬ ಗೆದ್ದದ್ದನ್ನ ತೋರಿಸಿ ಗೋಡೆಯೇ ಇಲ್ಲ ಅನ್ನೋರಿಗೆ ಇದಕ್ಕಿಂತ ಒಳ್ಳೆ ಉತ್ತರ ಬೇಕಾ?

*

ಇದೆಲ್ಲ ಯಾಕೆ ಇಷ್ಟು ಹಚ್ಕೊಂಡಿದ್ದೀನಿ ಅಂದ್ರೆ, ನಾನೂ ಆಡಿದವನು. ಹೈಸ್ಕೂಲಿನಲ್ಲಿ ಲೆಫ್ಟ್ ಔಟ್. ತಂಡದಲ್ಲಿ ನಮ್ಮ ಕೇರಿಯವರು ನಾಲ್ಕು ಜನ. ಒಂದು ಊರಿಗೆ ಮ್ಯಾಚಿಗೆ ಹೋಗಿದ್ವಿ, ಗೆದ್ವಿ. ಎರಡು ಗೋಲಿನಲ್ಲಿ ಒಂದು ನನ್ನ ಪಾಸು. ಮುಗಿದ ಮೇಲೆ ಊರವರು ಬಿಂದಿಗೆಯಲ್ಲಿ ನೀರು ತಂದ್ರು. ಮಿಕ್ಕವರಿಗೆಲ್ಲ ಚೊಂಬು ಕೈಗೆ ಕೊಟ್ರು. ನಮ್ಮ ನಾಲ್ವರ ಹತ್ತಿರ ಬಂದಾಗ ಒಬ್ಬರು ಯಾರ ಮನೆಯವ್ರಪ್ಪ ನೀವು ಅಂತ ಕೇಳಿದ್ರು. ಹೇಳಿದ್ವಿ. ಅಂಗೈ ಜೋಡಿಸಿ ಬಗ್ಗಿ ನಿಲ್ಲಿ ಅಂದ್ರು, ಮೇಲಿಂದ ಹುಯ್ದರು. ಪಕ್ಕದಲ್ಲಿ ಕಪ್ಪು ಇತ್ತು, ನಾವೇ ಗೆದ್ದ ಕಪ್ಪು. ನಮ್ಮ ಪಿಟಿ ಮೇಷ್ಟ್ರು ಬೇರೆ ಕಡೆ ನೋಡ್ತಾ ನಿಂತಿದ್ರು. ಆವತ್ತು ನನಗೆ 14 ವರ್ಷ. ಗೋಲು ಜಾತಿಯನ್ನ ಅಳಿಸಲ್ಲ ಅಂತ ನಾನು ಯಾವ ಪುಸ್ತಕದಿಂದಲೂ ಕಲಿಯಬೇಕಾಗಿ ಬರಲಿಲ್ಲ.

ಈಗಿನ ಮಕ್ಕಳಿಗೆ ಚೊಂಬಿನ ಕಾಲ ಹೋಯ್ತು ಅಂತೀರಾ? ಬೀಗದ ಕಾಲ ಬಂದಿದೆ. ನಮ್ಮೂರ ಮೈದಾನ ಮೊದಲು ಬಯಲು, ಯಾರು ಬೇಕಾದ್ರೂ ಆಡಬಹುದಿತ್ತು. ಆಮೇಲೆ ಕಾಂಪೌಂಡು ಬಂತು, ಗೇಟು ಬಂತು, ವಾಚ್‌ಮನ್ ಬಂದ, ತಿಂಗಳಿಗೆ ಫೀಸು ಬಂತು. ಎದುರಿಗೇ ಹಾಸ್ಟೆಲ್ ಇದೆ. ಹಾಸ್ಟೆಲ್ ಮಕ್ಕಳು ಹಿಂದಿನ ಟಾರ್ ರೋಡಿನಲ್ಲಿ ಟ್ರ್ಯಾಕ್ಟರ್, ಆಟೋ ತಪ್ಪಿಸ್ಕೊಂಡು ಆಡ್ತಾರೆ. ನಾವು ಮೂರು ಸಲ ಅರ್ಜಿ ಕೊಟ್ಟಿದ್ದೀವಿ, ಮೂರಕ್ಕೂ ಸ್ವೀಕೃತಿ ಇದೆ, ಉತ್ತರ ಇಲ್ಲ. ಫೀಸು ಕಟ್ಟೋಕಾಗದ ಮಗುವಿನ ಕಾಲಲ್ಲಿ ಎಂಥ ಆಟ ಇದೆ ಅಂತ ಯಾರು ಕಂಡಿದ್ದಾರೆ? ವೇದಿಕೆ ಮೇಲೆ ಪ್ರತಿಭೆ ಬಗ್ಗೆ ಭಾಷಣ ಮಾಡಿದವರು ಹೋಗುವಾಗ ಅದೇ ಬೀಗ ಹಾಕಿದ ಗೇಟಿನ ಮುಂದೆ ಕಾರು ಹತ್ತಿದ್ರು.

ಅದಕ್ಕೇ ಒಂದು ಕೆಲಸ ಹೇಳ್ತೀನಿ, ಸಾಧ್ಯ ಆದವರೆಲ್ಲ ಮಾಡಿ.

ನಿಮ್ಮ ಊರಿನ ಹಾಸ್ಟೆಲ್, ಅಂಬೇಡ್ಕರ್ ಭವನ, ಯುವಕರ ಸಂಘ, ಎಲ್ಲಾದ್ರೂ ಸರಿ, 'ಝುಂಡ್' ಹಾಕಿ ತೋರಿಸಿ. ಹಿಂದಿ ಅರ್ಥ ಆಗದ ಕಡೆ ನಡುನಡುವೆ ನಿಲ್ಲಿಸಿ ಹೇಳಿ. ಮುಗಿದ ಮೇಲೆ ಸ್ಫೂರ್ತಿ, ಸಾಧನೆ ಅಂತ ಭಾಷಣ ಬೇಡ. ಮೋನಿ ದಾಸ್ ಕತೆ ಹೇಳಿ, ವಾಸ್ಕೋದ 12 ಜನರ ಕತೆ ಹೇಳಿ. ಆಮೇಲೆ ಮಕ್ಕಳನ್ನೇ ಕೇಳಿ: ನಿಮ್ಮ ಗೇಟು ಎಲ್ಲಿದೆ? ಗ್ರೌಂಡಿಂದಾ, ಬೂಟಿಂದಾ, ಆಯ್ಕೆಯದ್ದಾ, ಜಾತಿ ಸರ್ಟಿಫಿಕೇಟಿಂದಾ, ಹುಡುಗಿಯರಾದ್ರೆ ಮನೆ ಬಾಗಿಲಿಂದೇನಾ? ಅವರು ಹೇಳಿದ್ದನ್ನ ಅವರ ಕೈಯಲ್ಲೇ ಬರೆಸಿ. ಅದನ್ನ ಅರ್ಜಿ ಮಾಡಿ. 2013ರ ಎಸ್‌ಸಿಎಸ್‌ಪಿ-ಟಿಎಸ್‌ಪಿ ಕಾಯ್ದೆ ನಮ್ಮ ರಾಜ್ಯದಲ್ಲಿದೆ. ಆ ಹಣದಲ್ಲಿ ನಮ್ಮ ಕೇರಿಗಳ, ಹಾಸ್ಟೆಲ್‌ಗಳ ಆಟದ ಮೈದಾನಕ್ಕೆ ನಿಮ್ಮ ತಾಲ್ಲೂಕಿನಲ್ಲಿ ಎಷ್ಟು ಖರ್ಚಾಗಿದೆ ಅಂತ ಮಾಹಿತಿ ಹಕ್ಕಿನಲ್ಲಿ ಕೇಳಿ. ಉತ್ತರ ಬಂದ್ರೆ ನನಗೂ ಕಳಿಸಿ, ಎಲ್ಲವನ್ನ ಒಟ್ಟು ಸೇರಿಸೋಣ.

ನಾವು ನಾಲ್ಕನೇ ಅರ್ಜಿ ಬರೆದಾಗಿದೆ. ಈ ಸಲ ಕೆಳಗೆ 43 ಹಾಸ್ಟೆಲ್ ಮಕ್ಕಳ ಸಹಿ ಇದೆ. ಸೋಮವಾರ ಹೋಗಿ ಕೊಡ್ತೀವಿ. ಹತ್ತಿರದಲ್ಲಿರೋರು ಬನ್ನಿ, ಒಂದು ಚೆಂಡೂ ತನ್ನಿ.

ಜೈ ಭೀಮ್.